ಶರ್ಯತ್ತಿನ ಗಾಡಿ

ಹಲಸಂಗಿ ಎಂದೊಡನೆ ಸಾಹಿತ್ಯಾಸಕ್ತರಿಗೆ ಮಧುರಚೆನ್ನರೂ ಸಿಂಪಿ ಲಿಂಗಣ್ಣನವರೂ ನೆನಪಾಗುತ್ತಾರೆ. ನನಗಾದರೋ ಮೊದಲು ಕಾಣುವುದು ಧೂಳು. ಆ ಧೂಳಿನಿಂದ ಮೂಡಿಬರುವ ಜೋಡೆತ್ತಿನ ಗಾಡಿ.

ಕಾರಹುಣ್ಣಿಮೆಯ ಸಂಜೆ ಬಿಳಿಯೆತ್ತು ಮೊದಲು ಕರಿ ಹರಿದರೆ ಹಿಂಗಾರಿ ಜೋಳ ಹುಲುಸೆಂಬುದು ನಮ್ಮ ಕಡೆಯ ಹಿರಿಯರ ನಂಬುಗೆ. ಜಾತ್ರೆಯಲ್ಲಿ ಗಾಡಿ ಶರ್ಯತ್ತು. ದೂರದ ಮದರಾಸಿನ ಬಳಿ ಶೋಲಾವರಂನಲ್ಲಿ ಮೋಟಾರುಗಳ ಪಂದ್ಯ ನಡೆಯುತ್ತಿದ್ದ ಕಾಲವದು. ನಮಗೆ ಅದರ ಸುದ್ದಿಯೂ ಇರಲಿಲ್ಲ. ನಿಂತುಕೊಂಡೇ ಗಾಡಿ ಹೊಡೆಯುತ್ತಿದ್ದ ನಮ್ಮೂರಿನವನೊಬ್ಬ ನಮ್ಮ ಪಾಲಿಗೆ ಸಾಕ್ಷಾತ್ ಪಾರ್ಥಸಾರಥಿ.

ಒಮ್ಮೆ ಅವನು ಗೆದ್ದಾಗ ಎತ್ತುಗಳಿಗೆ ನೀರು ಕುಡಿಸಲೆಂದು ಕೊಡ ಹಿಡಿದು ಓಡಿದೆ. ಜನರೆಲ್ಲ ಹಲಗೆಯ ಹಿಂದೆ ಹೋಗಿದ್ದರು. ಆತನೊಬ್ಬನೇ ಕುಳಿತು, ಬಾರುಕೋಲಿನ ಮೊಳೆ ನಾಟಿದ ಗಾಯಕ್ಕೆ ಅರಿಸಿನ ಮೆತ್ತುತ್ತಿದ್ದ. ನನ್ನನ್ನು ಕಂಡು ಅಂಗೈಯಿಂದ ಗಾಯ ಮುಚ್ಚಿ, “ನೋಡಬ್ಯಾಡ ತಮ್ಮಾ” ಎಂದ.

2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಓಟಗಳನ್ನು ನಿಷೇಧಿಸಿತು. 2017ರಲ್ಲಿ ನಮ್ಮ ರಾಜ್ಯ ಕಾಯ್ದೆಯನ್ನು ತಿದ್ದಿತು. 2023ರ ಮೇ 18ರಂದು ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗಾಡಿಗಳು ಮತ್ತೆ ಓಡುತ್ತಿವೆ; ನನಗೆ ಸಂತೋಷವೇ. ಆದರೆ ಗೆದ್ದ ಜೋಡಿಗೆ ಗುಲಾಲು ಎರಚುವಾಗ, ನನ್ನ ಕಣ್ಣು ಇಂದಿಗೂ ಎತ್ತಿನ ಹಿಂದೊಡೆಯನ್ನೇ ಹುಡುಕುತ್ತದೆ.