ಬರೀ ಮರೆವು ಎಂದು ಬಿಡಬೇಡಿ
ಅರವತ್ತಕ್ಕೆ ಅರಳುಮರಳು ಅಂತ ಎಷ್ಟು ಸಲೀಸಾಗಿ ಅಂದುಬಿಡುತ್ತೇವೆ! ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ವಯಸ್ಸಿನ ಸಹಜ ಮರೆವು. ದಿನವೂ ಮಾಡುತ್ತಿದ್ದ ಸಾರಿಗೆ ಏನು ಹಾಕಬೇಕೆಂದೇ ತೋಚದಿರುವುದು, ಹತ್ತಾರು ವರ್ಷ ಓಡಾಡಿದ ಬೀದಿಯಲ್ಲೇ ದಾರಿ ತಪ್ಪುವುದು ಹಾಗಲ್ಲ. ಮಿದುಳಿನ ಕಾಯಿಲೆ ಇರಬಹುದು. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತ್ ನಾಗ್ ಅಭಿನಯಿಸಿದ್ದು ಇಂಥದೇ ಒಂದು ಕಾಯಿಲೆಯಾದ ಆಲ್ಝೈಮರ್‌ಗೆ ತುತ್ತಾದ ತಂದೆಯ ಪಾತ್ರವನ್ನು. ಆ ಕಾಯಿಲೆಯನ್ನು ಪೂರ್ತಿ ವಾಸಿಮಾಡುವ ಮದ್ದು ಇನ್ನೂ ಇಲ್ಲ, ನಿಜ. ಆದರೆ ಎಲ್ಲ ಮರೆವೂ ಆಲ್ಝೈಮರ್ ಅಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ನೆನಪು ಮಂಕಾಗುತ್ತದೆ. ಚಿಕಿತ್ಸೆ ಸಿಕ್ಕರೆ ಸುಧಾರಿಸಬಹುದು. ಮೊದಲ ಎರಡನ್ನು ರಕ್ತ ಪರೀಕ್ಷೆಯಲ್ಲೇ ಪತ್ತೆಹಚ್ಚಬಹುದು. ಇದೊಂದು ಕಾರಣಕ್ಕಾದರೂ ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಜ್ಜಿ ಕೇಳಿದ್ದನ್ನೇ ಕೇಳಿದರೆ ಗದರಬೇಡಿ. ಹಗಲಿರುಳು ನೋಡಿಕೊಳ್ಳುವ ಸೊಸೆಗೋ ಮಗಳಿಗೋ ವಾರಕ್ಕೊಂದು ಮಧ್ಯಾಹ್ನ ಬಿಡುವು ಕೊಡಿ. ಆ ಹೊತ್ತು ಮನೆಯ ಗಂಡಸರು ಅಜ್ಜಿಯ ಬಳಿ ಕೂರಲಿ.