ಗೇಮ್ ಓವರ್ ಅಂತ ಹೇಳೋ ಆಟಗಳು

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಬಸ್ಸಲ್ಲಿ ಕೂತು ಕೇಳ್ತಿರೋರಿಗೆ, ಅಂಗಡಿ ಗಲ್ಲಾದ ಹಿಂದೆ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಕೇಳ್ತಿರೋರಿಗೆ, ರಾತ್ರಿ ಕಂಬಳಿ ಹೊದ್ದು ಮಲಗಿ ಕೇಳ್ತಿರೋರಿಗೆ, ಎಲ್ರಿಗೂ ಸ್ವಾಗತ.

ಹೋದ ಸಂಚಿಕೆಯ ಕೊನೇಲಿ ನಾನು ಒಂದು ಪುಟ್ಟ ಗೇಮ್ ಕನ್ಸೋಲ್ ತಗೊಂಡೆ ಅಂತ ಹೇಳಿದ್ದೆ. ಅದಕ್ಕೆ ಬಂದ ಮೆಸೇಜುಗಳಲ್ಲಿ ಎರಡು ಥರದ ಪ್ರಶ್ನೆ ಇತ್ತು. "ಅಣ್ಣ, ಅದರಲ್ಲಿ ಯಾವ ಯಾವ ಗೇಮ್ ಆಡ್ತೀರಾ?" ಅನ್ನೋದು ಒಂದು. "ಮೊಬೈಲಲ್ಲೇ ಎಲ್ಲ ಫ್ರೀಯಾಗಿ ಸಿಗೋವಾಗ ದುಡ್ಡು ಯಾಕೆ ಹಾಳು ಮಾಡಿದ್ರಿ?" ಅನ್ನೋದು ಇನ್ನೊಂದು. ಮೊದಲನೇದಕ್ಕೆ ಉತ್ತರ ಸುಲಭ. ಎರಡನೇದಕ್ಕೆ ಉತ್ತರ ಹೇಳೋಕೆ ನಂಗೆ ಮೂರು ವಾರ ಹಿಡೀತು. ಇವತ್ತು ಎರಡೂ ಹೇಳ್ತೀನಿ.

ಮೊದಲು ಪೆಟ್ಟಿಗೆ ಬಗ್ಗೆ. ಆರ್36ಎಸ್ ಅಂತ ಹೆಸರು. ಚೀನಾ ಮಾಲು. ಮೂರೂವರೆ ಇಂಚಿನ ಪರದೆ, ಒಳಗೆ ಲಿನಕ್ಸ್, ಮೆಮೊರಿ ಕಾರ್ಡಿಗೆ ಎರಡು ಕಂಡಿ. ನಾನು ಕೊಟ್ಟಿದ್ದು 3,400 ರೂಪಾಯಿ. ಇಂಥವುಗಳಲ್ಲಿ ಸಾವಿರಾರು ಹಳೇ ಆಟ ತುಂಬಿ ಮಾರ್ತಾರೆ. ಆ ಆಟಗಳ ಹಕ್ಕು ಇವತ್ತಿಗೂ ಆಯಾ ಕಂಪನಿಗಳದ್ದೇ ಅನ್ನೋದು ಗೊತ್ತಿರಲಿ, ನಾನು ಕಾಮರ್ಸ್ ಓದಿದೋನು, ಹೇಳದೆ ಇರೋಕಾಗಲ್ಲ. ಸಾವಿರಾರು ಇದ್ದರೂ ನಾನು ಆಡೋದು ಐದೇ. ಪೋಕೆಮಾನ್ ಇಲ್ಲ, ಬೈಬೇಡಿ. ನನ್ನ ಐದೂ ಆಟ ನಮ್ಮೂರ ಸುತ್ತಮುತ್ತಲಿನವು.

ನಮ್ಮೂರು ಅಂದ್ರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಪಹಣಿ ಲೆಕ್ಕದಲ್ಲಿ ನಾವು ತುಮಕೂರು ಜಿಲ್ಲೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಮಾತ್ರ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಆಗ್ತೀವಿ. ನಾನು ಹುಟ್ಟಿದ್ದು ಮಧುಗಿರಿ, ಅಜ್ಜಿ ಮನೆ ಪಾವಗಡದ ಕಡೆ, ಕಾಲೇಜಿನ ಗೆಳೆಯ ಶಿರಾದೋನು, ಅಕ್ಕನ್ನ ಕೊಟ್ಟಿರೋದು ಕೊರಟಗೆರೆಗೆ. ಹಾಗಾಗಿ ನಂಗೆ ಆಟ ನೆನಪಾದ್ರೆ ಊರೂ ಜೊತೆಗೇ ನೆನಪಾಗುತ್ತೆ.

ಮೊದಲನೇದು ಟೆಟ್ರಿಸ್. ನಾವು ಯಾರೂ ಆ ಹೆಸರು ಹೇಳ್ತಿರಲಿಲ್ಲ, "ಇಟ್ಟಿಗೆ ಗೇಮ್" ಅಂತಿದ್ವಿ. ಮೇಲಿಂದ ಇಟ್ಟಿಗೆ ಬೀಳುತ್ತೆ, ತಿರುಗಿಸಿ ಸಾಲು ತುಂಬಬೇಕು. ಜಾತ್ರೆಯಲ್ಲಿ ಸಿಗ್ತಿದ್ದ ಪ್ಲಾಸ್ಟಿಕ್ ಗೇಮ್ ನೆನಪಿದೆಯಾ? ಮೇಲೆ "9999 ಇನ್ 1" ಅಂತ ಬರೆದಿರೋದು. ನಂದು ಮಧುಗಿರಿ ದಂಡಿನ ಮಾರಮ್ಮನ ಜಾತ್ರೇಲಿ ಅಪ್ಪನ ಹತ್ರ ಅತ್ತು ಕೊಡಿಸ್ಕೊಂಡಿದ್ದು. ಒಳಗಿದ್ದಿದ್ದು ಹೆಚ್ಚಂದ್ರೆ ಹತ್ತು-ಹನ್ನೆರಡು ಆಟ. ಅವನ್ನೇ ಸ್ಪೀಡು, ಲೆವೆಲ್ಲು ಬದಲಾಯಿಸಿ 9999 ಅಂತ ಎಣಿಸಿದ್ರು. ಬ್ಯಾಲೆನ್ಸ್ ಶೀಟ್ ಉಬ್ಬಿಸೋದು ಅಂದ್ರೆ ಏನು ಅಂತ ಬಿ.ಕಾಂ.ನಲ್ಲಿ ಪಾಠ ಮಾಡಿದಾಗ ನಂಗೆ ಮೊದಲು ನೆನಪಾಗಿದ್ದೇ ಅದು.

ಬೇಸಿಗೆ ರಜೆಗೆ ಅದನ್ನ ಅಜ್ಜಿ ಮನೆಗೆ ತಗೊಂಡು ಹೋಗ್ತಿದ್ದೆ. ಈಗ ಪಾವಗಡ ಅಂದ್ರೆ ತಿರುಮಣಿಯ ಸೋಲಾರ್ ಪಾರ್ಕು. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ನಾನು ಹೇಳ್ತಿರೋ ಕಾಲದಲ್ಲಿ ಅಲ್ಲಿ ಬಿಸಿಲು ಇಷ್ಟೇ ಇತ್ತು, ಕರೆಂಟು ಮಾತ್ರ ಇರ್ತಿರಲಿಲ್ಲ. ಸಂಜೆ ಹೋದ್ರೆ ಎಷ್ಟೊತ್ತಿಗೆ ಬರುತ್ತೋ ಹೇಳೋಕಾಗ್ತಿರಲಿಲ್ಲ. ಟಿವಿ ಇಲ್ಲ, ಫ್ಯಾನ್ ಇಲ್ಲ. ಜಗುಲಿ ಮೇಲೆ ಕೂತು ಬೆಳದಿಂಗಳಲ್ಲಿ ಇಟ್ಟಿಗೆ ಗೇಮ್. ಪರದೆಗೆ ಬೆಳಕಿಲ್ಲ, ಚಂದ್ರನ ಕಡೆ ವಾರೆ ಮಾಡಿ ಹಿಡಿದರೆ ಅಷ್ಟೋ ಇಷ್ಟೋ ಕಾಣ್ತಿತ್ತು.

ಒಂದಿನ ಸೆಲ್ ಮುಗೀತು. ತಾತನ ರೇಡಿಯೋದಿಂದ ಎರಡು ಸೆಲ್ ಮೆತ್ತಗೆ ತೆಗೆದು ಹಾಕ್ಕೊಂಡೆ. ಬೆಳಿಗ್ಗೆ ತಾತ ವಾರ್ತೆ ಕೇಳೋಕೆ ರೇಡಿಯೋ ತಿರುಗಿಸ್ತಾರೆ, ತಿರುಗಿಸ್ತಾರೆ, ಉಸಿರೇ ಇಲ್ಲ. ಹಿಂದಿನ ಮುಚ್ಚಳ ತೆಗೆದು ನೋಡಿದ್ರು, ನನ್ನ ಮುಖ ನೋಡಿದ್ರು. ಬೈಲಿಲ್ಲ. ಪಾವಗಡಕ್ಕೆ ಹೋದೋರು ವಾಪಸ್ ಬರ್ತಾ ನಾಲ್ಕು ಸೆಲ್ ತಂದ್ರು. ಎರಡು ನನ್ನ ಕೈಗಿಟ್ಟು, "ಇವು ನಿಂದು, ಅವು ನಂದು. ಕಲಸಬ್ಯಾಡ" ಅಂದ್ರು. ಅಕೌಂಟೆನ್ಸಿಯ ಮೊದಲ ಪಾಠದಲ್ಲಿ ವ್ಯಾಪಾರದ ದುಡ್ಡು ಬೇರೆ, ಮಾಲೀಕನ ದುಡ್ಡು ಬೇರೆ ಅಂತ ಹೇಳಿಕೊಡ್ತಾರಲ್ಲ, ತಾತ ಅದನ್ನ ನಾಲ್ಕು ಸೆಲ್‌ನಲ್ಲಿ ಹೇಳಿ ಮುಗಿಸಿದ್ರು. ಈ ಮಾತು ಇಟ್ಕೊಂಡಿರಿ, ಆಮೇಲೆ ಬೇಕಾಗುತ್ತೆ.

ಟೆಟ್ರಿಸ್ ಮಾಡಿದ್ದು ಅಲೆಕ್ಸಿ ಪಜಿತ್ನೋವ್, ಮಾಸ್ಕೋದಲ್ಲಿ, 1984ರಲ್ಲಿ. ಅದನ್ನ ಜಗತ್ತಿನ ಜೇಬಿಗೆ ಇಳಿಸಿದ್ದು 1989ರ ಗೇಮ್ ಬಾಯ್. ಗೇಮ್ ಬಾಯ್ ಹಿಂದಿದ್ದ ನಿಂಟೆಂಡೊ ಎಂಜಿನಿಯರ್ ಗುನ್‌ಪೇಯ್ ಯೊಕೊಯ್ ಅಂದ್ರೆ ನಂಗೆ ಭಾರಿ ಗೌರವ. ಹಳೇದಾಗಿ ಅಗ್ಗ ಆಗಿರೋ ಸಾಮಾನನ್ನೇ ತಗೊಂಡು ಹೊಸ ಥರ ಬಳಸು ಅನ್ನೋದು ಆತನ ಲೆಕ್ಕ. ಆ ಕಾಲದಲ್ಲಿ ಬಣ್ಣದ ಪರದೆಯ ಪೈಪೋಟಿ ಯಂತ್ರಗಳೂ ಇದ್ವು. ಆದ್ರೆ ಅವು ಸೆಲ್ ನುಂಗಿ ನೀರು ಕುಡೀತಿದ್ವು. ಯೊಕೊಯ್ ಬಣ್ಣ ಬಿಟ್ಟ, ಪರದೆ ಹಿಂದಿನ ಬೆಳಕು ಬಿಟ್ಟ, ನಾಲ್ಕು ಸೆಲ್ ಗಂಟೆಗಟ್ಟಲೆ ಬಂತು, ಗೆದ್ದ. ನಮ್ಮ ತಾತನಿಗೂ ಆತನಿಗೂ ಮಾತು ಕೂಡ್ತಿತ್ತು ಅನ್ಸುತ್ತೆ.

ಎರಡನೇದು, ಮೂರನೇದು ಒಟ್ಟಿಗೇ ಹೇಳಿಬಿಡ್ತೀನಿ: ಸೂಪರ್ ಮಾರಿಯೋ ಮತ್ತು ಕಾಂಟ್ರಾ. ಎರಡೂ ಆಡಿದ್ದು ಮಧುಗಿರಿಯ ಒಂದು ಅಂಗಡೀಲಿ. ಮುಂದೆ ಎಸ್‌ಟಿಡಿ ಬೂತು, ಪರದೆ ಸರಿಸಿ ಒಳಗೆ ಹೋದ್ರೆ ಎರಡು ಟಿವಿ, ಎರಡು ವಿಡಿಯೋ ಗೇಮ್. ಅರ್ಧ ಗಂಟೆಗೆ ಐದು ರೂಪಾಯಿ. ಕ್ಯಾಸೆಟ್ ತೆಗೆದು, ಉಫ್ ಅಂತ ಊದಿ, ಮತ್ತೆ ಒತ್ತಿ ಹಾಕಿದ್ರೆ ಚಾಲೂ. ಕರೆಂಟು ಹೋದ್ರೆ ದುಡ್ಡು ವಾಪಸ್ ಇಲ್ಲ, ಅದು ಮಾಲೀಕರ ಕಾನೂನು.

ಮಾರಿಯೋ 1985ರದ್ದು. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಹಂತ, ಒಟ್ಟು 32. ಸೇವ್ ಅನ್ನೋದೇ ಇಲ್ಲ. ಏಳನೇ ಲೋಕದಲ್ಲಿ ಇದ್ದಾಗ ಕರೆಂಟು ಹೋದ್ರೆ ಮತ್ತೆ ಒಂದರಿಂದ. ಇಡೀ ಆಟದ ತೂಕ 40 ಕೆ.ಬಿ. ನಮ್ಮ ದೊಡ್ಡಪ್ಪ ಬೆಳಿಗ್ಗೆ ಕಳಿಸೋ ಶುಭೋದಯದ ಫೋಟೋ ಅದಕ್ಕಿಂತ ದೊಡ್ಡದು! ಜಾಗ ಉಳಿಸೋಕೆ ಏನ್ ಮಾಡಿದ್ರು ಗೊತ್ತಾ? ಮೇಲಿರೋ ಮೋಡ, ಕೆಳಗಿರೋ ಪೊದೆ, ಎರಡೂ ಒಂದೇ ಚಿತ್ರ. ಬಿಳಿ ಬಳಿದ್ರೆ ಮೋಡ, ಹಸಿರು ಬಳಿದ್ರೆ ಪೊದೆ. ನಾನು ಚಿಕ್ಕೋನಾಗಿದ್ದಾಗ ಒಂದು ಸಲಾನೂ ಗಮನಿಸಿರಲಿಲ್ಲ. ನೀವೂ ಇವತ್ತು ಹೋಗಿ ನೋಡಿ.

ಕಾಂಟ್ರಾದಲ್ಲಿ ಮೂರು ಲೈಫ್. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ ಒತ್ತಿ ಶುರು ಮಾಡಿದ್ರೆ ಮೂವತ್ತು. ನಮ್ಮ ಅಂಗಡೀಲಿ ಇದು ಗೊತ್ತಿದ್ದಿದ್ದು ಹೈಸ್ಕೂಲಿನ ಒಬ್ಬ ಅಣ್ಣನಿಗೆ ಮಾತ್ರ. ಒತ್ತಿಕೊಡೋಕೆ ಫೀಸು ಒಂದು ಕಡಲೆಮಿಠಾಯಿ, ಒತ್ತೋವಾಗ ನಾವು ಆ ಕಡೆ ತಿರುಗಬೇಕು. ವರ್ಷಗಳಾದ ಮೇಲೆ ಓದಿದೆ: ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ ಇದನ್ನ ಮೊದಲು ಗ್ರೇಡಿಯಸ್ ಅನ್ನೋ ಆಟಕ್ಕೆ ಮಾಡ್ಕೊಂಡಿದ್ದಂತೆ. ಆಟ ಟೆಸ್ಟ್ ಮಾಡಬೇಕು, ಆದ್ರೆ ಅದು ಆತನಿಗೇ ಕಷ್ಟ ಆಗ್ತಿತ್ತು, ಅದಕ್ಕೇ ಅಡ್ಡದಾರಿ. 2020ರಲ್ಲಿ ಆತ ತೀರಿಕೊಂಡ. ಆ ಹೈಸ್ಕೂಲ್ ಅಣ್ಣ ಈಗ ಬಡವನಹಳ್ಳಿ ಕಡೆ ಟ್ರ್ಯಾಕ್ಟರ್ ಬಾಡಿಗೆಗೆ ಬಿಡ್ತಾನೆ. ನನ್ನ ಕಡಲೆಮಿಠಾಯಿ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ನಾಲ್ಕನೇದು ರೋಡ್ ಫೈಟರ್. ಕಾರು ಓಡಿಸಬೇಕು, ಪೆಟ್ರೋಲ್ ಮುಗಿಯೋದರೊಳಗೆ ಗುರಿ ಮುಟ್ಟಬೇಕು, ಬಣ್ಣಬಣ್ಣದ ಕಾರು ಸಿಕ್ಕರೆ ಒಂದಿಷ್ಟು ಪೆಟ್ರೋಲ್ ಸಿಗುತ್ತೆ. ಇದು ಶಿರಾ ಗೆಳೆಯನದ್ದು. ಹೈವೇ ಪಕ್ಕದಲ್ಲೇ ಮನೆ, ಅದು ಆಗ ಎನ್‌ಎಚ್-4, ಈಗ 48. ಅವರಪ್ಪ ಲಾರಿ ಡ್ರೈವರ್. ಒಂದಿನ ನಮ್ಮ ಹಿಂದೆ ನಿಂತು ಸುಮಾರು ಹೊತ್ತು ನೋಡಿ, "ಏನ್ಲಾ ಇದು, ಗಾಡಿಗೆ ಬ್ರೇಕೇ ಇಲ್ವಲ್ಲೋ" ಅಂದ್ರು. ನಿಜ, ಅದರಲ್ಲಿ ಬ್ರೇಕ್ ಬಟನ್ನೇ ಇಲ್ಲ. ಒಂದು ಬಟನ್ ನಿಧಾನಕ್ಕೆ ಓಡಿಸೋಕೆ, ಇನ್ನೊಂದು 400 ಕಿಲೋಮೀಟರ್ ವೇಗಕ್ಕೆ.

ಬ್ರೇಕ್ ಇಲ್ಲದ ಗಾಡಿ ಅಂದಾಗ ಎರಡನೇ ಪ್ರಶ್ನೆಗೆ ಬರಲೇಬೇಕು.

ತುಮಕೂರಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದ್ದೆ. ರೂಮಲ್ಲಿ ಒಬ್ಬನೇ. 2022ರ ಡಿಸೆಂಬರಲ್ಲಿ ಫೋನಲ್ಲಿ ಒಂದು ರಮ್ಮಿ ಆ್ಯಪ್ ಹಾಕ್ಕೊಂಡೆ. ಯಾವುದು ಅಂತ ಕೇಳಬೇಡಿ, ಹೆಸರು ಮುಖ್ಯ ಅಲ್ಲ. ಮೊದಲ ವಾರ 1,150 ರೂಪಾಯಿ ಗೆದ್ದೆ. ಅದೇ ಕೆಟ್ಟಿದ್ದು. 2023ರ ಜೂನ್ ಹೊತ್ತಿಗೆ ಒಟ್ಟು ಹೋಗಿದ್ದು 62,400. ಇಷ್ಟು ಕರೆಕ್ಟಾಗಿ ಹೇಗೆ ಗೊತ್ತು ಅಂದ್ರೆ, ನಾನು ಪ್ರತಿ ತಿಂಗಳು ಖರ್ಚು ಎಕ್ಸೆಲ್‌ನಲ್ಲಿ ಬರೀತೀನಿ. ರಮ್ಮಿ ಅಂತ ಬರೆಯೋಕೆ ನಾಚಿಕೆ ಆಗಿ "ಇತರೆ" ಅಂತ ಬರೀತಿದ್ದೆ. ಊಟ 4,000, ಬಾಡಿಗೆ 5,500, ಇತರೆ 14,200. ಬೇರೆ ಯಾರಾದ್ರೂ ಇಂಥ ಲೆಕ್ಕ ತಂದಿದ್ರೆ ನಾನೇ ಕೆಂಪು ಗೆರೆ ಎಳೀತಿದ್ದೆ. ಅದರಲ್ಲಿ 20,000 ಮನೆ ರಿಪೇರಿಗೆ ಅಂತ ಅಪ್ಪ ನನ್ನ ಅಕೌಂಟಿಗೆ ಹಾಕಿಟ್ಟಿದ್ದು. ತಾತನ ರೇಡಿಯೋ ಸೆಲ್ಲು. ಗೊತ್ತಾಯ್ತಲ್ಲ?

ಬಿಡೋಕೆ ಯಾಕಾಗಲಿಲ್ಲ ಅಂತ ತುಂಬ ಯೋಚಿಸಿದೀನಿ. ಅಲ್ಲಿ "ಗೇಮ್ ಓವರ್" ಅಂತ ಬರೋದೇ ಇಲ್ಲ ಕಣ್ರಿ. ಸೋತು ಫೋನ್ ಕೆಳಗಿಟ್ಟ ಸ್ವಲ್ಪ ಹೊತ್ತಿಗೆ "ನಿಮಗೆ 50 ರೂಪಾಯಿ ಬೋನಸ್" ಅಂತ ಮೆಸೇಜ್ ಬರುತ್ತೆ. ಮುಂದಿನ ಟೇಬಲ್ ಕಾಯ್ತಾ ಇರುತ್ತೆ. ಕಾಂಟ್ರಾದಲ್ಲಿ ಮೂವತ್ತು ಲೈಫ್ ಮುಗಿದ್ರೂ ಒಂದು ಹಂತದಲ್ಲಿ ಮುಗೀತು ಅಂತ ಹೇಳುತ್ತೆ, ಎದ್ದು ಮನೆಗೆ ಹೋಗ್ತೀವಿ. ಇಲ್ಲಿ ಲೈಫ್ ಅಂದ್ರೆ ಸಂಬಳ, ತಿಂಗಳ ಒಂದನೇ ತಾರೀಖು ಮತ್ತೆ ತುಂಬುತ್ತೆ.

ಕಾನೂನಿನ ಕತೆ ನಿಮಗೆ ಗೊತ್ತಿರುತ್ತೆ. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ತಡೆಯೋಕೆ ನೋಡ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡ್ತು. 2025ರ ಆಗಸ್ಟಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೇ ನಿಷೇಧಿಸೋ ಕಾನೂನು ಪಾಸ್ ಮಾಡ್ತು. ನಾನು ಬಿಟ್ಟಿದ್ದು ಕಾನೂನಿಂದ ಅಲ್ಲ. ಗೆಳೆಯನ ಹತ್ರ ಸಾಲ ಕೇಳೋಕೆ ಫೋನ್ ಮಾಡಿದೆ. "ಯಾಕೆ ಮಗ, ಏನಾಯ್ತು?" ಅಂದ. ಬಾಯಿಂದ "ಇತರೆ" ಅಂತ ಬಂತು. ಅಷ್ಟೇ, ಅಳು ಬಂದ್ಬಿಡ್ತು. ಮಾರನೇ ದಿನ ಶಿರಾದಿಂದ ಬಸ್ ಹತ್ತಿ ಬಂದ, ಪಕ್ಕದಲ್ಲಿ ಕೂತು ಆ್ಯಪ್ ತೆಗೆಸಿದ. ಸಾಲ ಕೊಡಲಿಲ್ಲ, ಊಟ ಕೊಡಿಸಿದ.

ಆದ್ರೂ ಕೈ ಸುಮ್ನಿರಲ್ಲ. ರಾತ್ರಿ ಹತ್ತಾದ್ರೆ ಹೆಬ್ಬೆರಳು ಏನೋ ಹುಡುಕುತ್ತೆ. ಎಷ್ಟೋ ದಿನ ಹಾಗೇ ಕಳೀತು. ಈ ವರ್ಷ ಈ ಪೆಟ್ಟಿಗೆ ತಗೊಂಡೆ. ನಂದಕ್ಕೆ ಇಂಟರ್ನೆಟ್ ಇಲ್ಲ, ಯುಪಿಐ ಇಲ್ಲ, ನೋಟಿಫಿಕೇಶನ್ ಇಲ್ಲ. ಅದಕ್ಕೇ 3,400. ಇದು ಎಲ್ರಿಗೂ ಮದ್ದು ಅಂತ ಹೇಳಲ್ಲ, ನನ್ನ ಹೆಬ್ಬೆರಳಿಗೆ ಸಾಕಾಯ್ತು. ಇದರಲ್ಲಿ ಯಾವ ಆಟವನ್ನಾದ್ರೂ ಎಲ್ಲಿ ಬೇಕಾದ್ರೂ ನಿಲ್ಲಿಸಿ ಸೇವ್ ಮಾಡ್ಕೋಬಹುದು. ನಾನು ಮಾಡಲ್ಲ. ಔಟ್ ಆದ್ರೆ ಔಟ್.

ಐದನೇದು ಬ್ಯಾಟಲ್ ಸಿಟಿ, 1985ರ ನಾಮ್ಕೊ ಆಟ. ನಮ್ಮಲ್ಲಿ "ಟ್ಯಾಂಕ್ ಗೇಮ್". ಕೆಳಗೆ ಇಟ್ಟಿಗೆ ಗೋಡೆಯೊಳಗೆ ಒಂದು ಹದ್ದು, ಅದನ್ನ ಕಾಯಬೇಕು. ಇಬ್ಬರು ಜೊತೆಗೆ ಆಡಬಹುದು. ತಪ್ಪಿ ಜೊತೆಗಾರನಿಗೆ ಹೊಡೆದ್ರೆ ಆತ ಸಾಯಲ್ಲ, ಸ್ವಲ್ಪ ಹೊತ್ತು ಕಲ್ಲಾಗಿ ನಿಲ್ತಾನೆ. ಆದ್ರೆ ಹದ್ದಿಗೆ ಏಟು ಬಿದ್ರೆ, ಎಷ್ಟು ಲೈಫ್ ಇದ್ರೂ ಆಟ ಮುಗೀತು. ಹೊಡೆದಿದ್ದು ಶತ್ರುವೇ ಆಗಬೇಕಂತಿಲ್ಲ, ನಮ್ಮ ಗುಂಡೂ ಸಾಕು.

ಹೋದ ತಿಂಗಳು ಕೊರಟಗೆರೆಯಿಂದ ಅಕ್ಕ ಫೋನ್ ಮಾಡಿದ್ಲು. ಅವಳ ಮಗನಿಗೆ ಹತ್ತು ವರ್ಷ. ಯಾವುದೋ ಮೊಬೈಲ್ ಆಟದಲ್ಲಿ ಡೈಮಂಡ್ ಕೊಳ್ಳೋಕೆ ಅವಳ ಫೋನಿಂದ 900 ರೂಪಾಯಿ ಖಾಲಿ ಮಾಡಿದ್ದ. "ನೀನು ಓದಿದೋನು, ಲೆಕ್ಕ ಗೊತ್ತಿರೋನು. ಬಂದು ಅವನಿಗೆ ಬುದ್ಧಿ ಹೇಳೋ" ಅಂದ್ಲು. ಬಸ್ಸಲ್ಲಿ ಪೂರ್ತಿ ಏನು ಹೇಳೋದು ಅಂತ ಜೋಡಿಸ್ಕೊಂಡು ಹೋದೆ. ಹುಡುಗ ತಲೆ ತಗ್ಗಿಸಿ ಬಾಗಿಲ ಹತ್ರ ನಿಂತಿದ್ದ. ನಂಗೆ ಒಂದು ಮಾತೂ ಬರಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕನಿಗೆ ನನ್ನ 62,400 ಹೇಳ್ದೆ. ಅವಳು ಮುದ್ದೆ ತಿರುವ್ತಾ ಇದ್ದೋಳು ಕೈ ನಿಲ್ಲಿಸಿದ್ಲು.

"ಅಪ್ಪಂಗೆ ಗೊತ್ತಾ?"

"ಇಲ್ಲ."

"ಹೇಳು. ಅವನಿಗೆ ನಾನೇ ಹೇಳ್ಕೋತೀನಿ."

ಈ ಸಂಚಿಕೆ ರೆಕಾರ್ಡ್ ಮಾಡೋಕೆ ಮುಂಚೆ ಮಧುಗಿರಿಗೆ ಹೋಗಿ ಅಪ್ಪಂಗೆ ಹೇಳಿದೆ. 20,000 ಹೋದ ವರ್ಷವೇ ವಾಪಸ್ ತುಂಬಿದ್ದೆ, ಅದನ್ನೂ ಹೇಳಿದೆ. ಸುಮಾರು ಹೊತ್ತು ಬೆಟ್ಟದ ಕಡೆ ನೋಡ್ತಾ ಕೂತಿದ್ರು. "ಸಾಲ ಏನಾದ್ರೂ ಐತಾ ಇನ್ನೂ?" ಅಂದ್ರು. ಇಲ್ಲ ಅಂದೆ. "ಕೈ ತೊಳ್ಕೊ ಹೋಗು, ಊಟ ಮಾಡು" ಅಂದ್ರು. ಅದಾದ ಮೇಲೆ ಆ ವಿಷಯ ಎತ್ತಿಲ್ಲ. ಸಿಟ್ಟಿದೆಯೋ ಇಲ್ವೋ ಗೊತ್ತಿಲ್ಲ.

ಅಕ್ಕನ ಮನೇಲಿ ಅವತ್ತು ರಾತ್ರಿ ಪೆಟ್ಟಿಗೆಗೆ ಒಂದು ಯುಎಸ್‌ಬಿ ಜಾಯ್‌ಸ್ಟಿಕ್ ಸಿಕ್ಕಿಸಿ ಹುಡುಗನನ್ನ ಕರೆದೆ. ಮೂರೂವರೆ ಇಂಚಿಗೆ ಇಬ್ಬರು, ತಲೆಗೆ ತಲೆ ತಾಗಿಸಿಕೊಂಡು ಕೂತ್ವಿ. ಮೊದಲು ಮೂಗು ಮುರಿದ, "ಮಾಮ, ಏನಿದು, ಗ್ರಾಫಿಕ್ಸೇ ಇಲ್ಲ" ಅಂದ. ಹನ್ನೊಂದನೇ ಹಂತಕ್ಕೆ ಬರೋ ಹೊತ್ತಿಗೆ ನಂಗೇ ಆರ್ಡರ್ ಹಾಕ್ತಿದ್ದ, "ಮಾಮ ನೀನು ಎಡಕ್ಕೆ ಹೋಗು, ಹದ್ದು ನಾನು ನೋಡ್ಕೋತೀನಿ." ನಾನು ಅವಸರದಲ್ಲಿ ಕೆಳಗೆ ತಿರುಗಿ ಗುಂಡು ಬಿಟ್ಟೆ. ಗೋಡೆ ಆಗ್ಲೇ ಒಡೆದಿತ್ತು. ಹದ್ದು ಹೋಯ್ತು.

ಹುಡುಗ ನನ್ನ ಮುಖ ನೋಡಿದ. "ಸೇವ್ ಮಾಡಿರ್ಲಿಲ್ವಾ?"

"ಇಲ್ಲ."

"ಥೂ ಮಾಮ" ಅಂದು, ಸ್ಟಾರ್ಟ್ ಬಟನ್ ಒತ್ತಿದ. ಅಕ್ಕ ಒಳಗಿಂದ ಮುದ್ದೆ ಆರ್ತಾ ಐತೆ ಅಂತ ಕೂಗ್ತಿದ್ಲು.

ಇವತ್ತಿಗೆ ಇಷ್ಟು. ನಿಮ್ಮ ಐದು ಆಟ ಯಾವುವು, ಯಾರ ಜೊತೆ ಆಡಿದ್ದು ಅಂತ ವಾಯ್ಸ್ ನೋಟ್ ಕಳಿಸಿ. ಮತ್ತೆ, ಯಾರದ್ದಾದ್ರೂ ಎಕ್ಸೆಲ್‌ನಲ್ಲಿ "ಇತರೆ" ಅಂತ ಒಂದು ಸಾಲು ಇದ್ರೆ ಅದನ್ನೂ ಕಳಿಸಿ, ಹೆಸರು ಹಾಕಲ್ಲ. ಮುಂದಿನ ವಾರ ಸಿಗೋಣ.