ಕಾಯಕದ ಅರಿವನ್ನು ಕೇಳೋಣ



ಸಂಶೋಧನೆ ಎಂದರೆ ಓದಿದವರ ಕೆಲಸ ಎಂದು ನಾನು ಬಹುಕಾಲ ನಂಬಿದ್ದೆ. ನಾನು ಓದಿದ್ದು ಇಂಜಿನಿಯರಿಂಗ್, ದುಡಿದದ್ದು ಸಣ್ಣ ನೀರಾವರಿ ಕಾಮಗಾರಿಗಳಲ್ಲಿ. ಒಮ್ಮೆ ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟಿಸುವಾಗ ದನ ಕಾಯುವ ಅಜ್ಜ ಒಬ್ಬರು ಬಂದರು. “ಸಾಹೇಬ್ರ, ಇಲ್ಲಿ ಬ್ಯಾಡ್ರಿ. ಹಳ್ಳ ಉಸುಕೆಲ್ಲಾ ತಂದು ಇಲ್ಲೇ ಹಾಕತೈತ್ರಿ. ಮ್ಯಾಲಿನ ತಿರುವಿನ್ಯಾಗ ಕಟ್ರಿ” ಎಂದರು. ನಕ್ಷೆ ಮಂಜೂರಾಗಿದೆ ಎಂದು ಹೇಳಿ ಅವರನ್ನು ಕಳಿಸಿಬಿಟ್ಟೆ. ಎರಡೇ ಮಳೆಗಾಲಕ್ಕೆ ಹೂಳು ತುಂಬಿತು. ತಪ್ಪು ನನ್ನದು. ಆ ಅಜ್ಜನ ಹೆಸರನ್ನು ಕೂಡ ನಾನು ಕೇಳಿರಲಿಲ್ಲ.

ನಿವೃತ್ತಿಯ ನಂತರ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯ ಓದಿದಾಗ ಆ ಅಜ್ಜ ಮತ್ತೆ ನೆನಪಾದರು. ಸೋಲಿಗರು ಬೇಸಿಗೆ ಬಲಿಯುವ ಮೊದಲೇ ನೆಲದ ಒಣ ಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಆ ಕಾಡು ವನ್ಯಜೀವಿ ಧಾಮವಾಯಿತು. ಬೆಂಕಿಯೂ ನಿಂತಿತು, ಅವರ ಬೇಸಾಯವೂ ನಿಂತಿತು. ಮುಂದೆ ಅಮೆರಿಕ ಖಂಡದ ಮೂಲದ ಲಂಟಾನ ಕಾಡನ್ನೆಲ್ಲ ಹಬ್ಬಿತು. ಅದರ ಪೊದೆಯಡಿ ಹುಲ್ಲು, ಸೊಪ್ಪು, ಗೆಡ್ಡೆ ಬೆಳೆಯುವುದು ಕಷ್ಟ. ಅಂದರೆ ಪ್ರಾಣಿಗಳ ಮೇವಿಗೂ ಜನರ ಊಟಕ್ಕೂ ಕುತ್ತು ಬಂತು. ನೆಲ್ಲಿಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿತು.

ತರಗು ಬೆಂಕಿ ಲಂಟಾನದ ಸಸಿಗಳನ್ನೂ ಉಪ್ಪಿಲನ್ನೂ ಹದ್ದಿನಲ್ಲಿಡುತ್ತಿತ್ತು ಎಂಬುದು ಸೋಲಿಗರ ಅನುಭವ. ಬೆಂಗಳೂರಿನ ಅಶೋಕ ಟ್ರಸ್ಟ್ (ಏಟ್ರೀ) ಸಂಶೋಧಕರು ಹಿರಿಯ ಸೋಲಿಗರೊಡನೆ ಕೂತು ಇದನ್ನು ದಾಖಲಿಸಿದರು. ಕಾಡನ್ನು ಅಳೆದು ನೋಡಿದಾಗ 1997ರಿಂದ 2008ರೊಳಗೆ ಲಂಟಾನ ಸುಮಾರು ದುಪ್ಪಟ್ಟು ಜಾಗಕ್ಕೆ ಹಬ್ಬಿತ್ತು. ಈಗ ಆಳೆತ್ತರದ ಪೊದೆಗೆ ಬೆಂಕಿ ಇಟ್ಟರೆ ಕಾಡೇ ಸುಟ್ಟೀತು. ಕೇಳಬೇಕಾದ ಕಾಲಕ್ಕೆ ಕೇಳದಿದ್ದುದಕ್ಕೆ ತೆತ್ತ ಬೆಲೆ ಇದು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕಿಗೆ ಮಾನ್ಯತೆ ಸಿಕ್ಕಿದ್ದು 2011ರಲ್ಲಿ.

ಶರಣರಿಗೆ ಇದು ಹೊಸ ಪಾಠವಲ್ಲ. ಅನುಭವ ಮಂಟಪದಲ್ಲಿ ದನ ಕಾಯುವ ತುರುಗಾಹಿ ರಾಮಣ್ಣ, ಬಿದಿರು ಹೆಣೆಯುವ ಮೇದಾರ ಕೇತಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಮಾತನಾಡಿದರು, ಉಳಿದವರು ಕೇಳಿದರು. ಅವರ ಭಾವಚಿತ್ರಕ್ಕೆ ಹೂ ಏರಿಸುವ ನಾವು ಇಂದಿನ ರಾಮಣ್ಣನನ್ನು ಬಾಗಿಲಲ್ಲೇ ನಿಲ್ಲಿಸಿದರೆ ಅದೆಂಥ ಶರಣತ್ವ?

ಒಂದು ಸಣ್ಣ ಬೇಡಿಕೆ ಇಡುತ್ತೇನೆ. ತಿಂಗಳಿಗೊಮ್ಮೆ ಮಠದಲ್ಲಿ ಒಬ್ಬ ಹಿರಿಯ ರೈತನನ್ನೋ ತಾಯಿಯನ್ನೋ ವೇದಿಕೆಯ ಮೇಲೆ ಕೂರಿಸೋಣ. ಅಕ್ಕಡಿ ಸಾಲಿನಲ್ಲಿ ಯಾವುದರ ಜೊತೆ ಯಾವುದು, ನವಣೆ, ಸಾವೆ, ಬರಗಿನ ಬೀಜವನ್ನು ಹೇಗೆ ಕಾಪಿಡುವುದು, ಬರಗಾಲದಲ್ಲಿ ಯಾವ ಸೊಪ್ಪು ಕೈ ಹಿಡಿಯಿತು ಎಂದು ಕೇಳೋಣ. ಅವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ ಬರೆಯೋಣ. ಪುಸ್ತಕ ಊರಲ್ಲೇ ಉಳಿಯಲಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಸಮಿತಿಯೂ ಜನತಾ ಜೀವವೈವಿಧ್ಯ ದಾಖಲೆಯೂ ಇರಬೇಕು. ಅದಕ್ಕೆ ಇದು ಜೀವ ತುಂಬುತ್ತದೆ. ಆ ದಿನದ ದಾಸೋಹಕ್ಕೆ ಅವರು ಹೇಳಿದ ಧಾನ್ಯವೇ ಬೇಯಲಿ.

ಮೊದಲ ತಿಂಗಳ ಬರವಣಿಗೆಯ ಸೇವೆ ನನ್ನದು. ಈ ಸಲ ಮೊದಲು ಹೆಸರು ಕೇಳುತ್ತೇನೆ.